ಕಂಡದ್ದು, ಕೇಳಿದ್ದು, ಓದಿದ್ದು: ಶಾಲಾ ಮಕ್ಕಳಿಗೆ ಊರಿನ ಕಲ್ಲಿನ ಸ್ಪರ್ಧೆ ನಡೆಸುವ ಬಗೆ

ಇತಿಹಾಸದ ಸ್ಪರ್ಧೆ ಎಂದರೆ ಪ್ರಬಂಧ ಬರೆಸುವುದು ನಮ್ಮಲ್ಲಿ ರೂಢಿ. ‘ವಿಜಯನಗರದ ವೈಭವ’ ಎಂದು ವಿಷಯ ಕೊಟ್ಟರೆ ನೂರು ಪ್ರಬಂಧ ಬರುತ್ತವೆ, ನೂರರಲ್ಲೂ ಅದೇ ಮುತ್ತು ರತ್ನ, ಅದೇ ಬೀದಿ, ಅದೇ ಸೇರು. ಮಕ್ಕಳನ್ನು ದೂರಿ ಪ್ರಯೋಜನವಿಲ್ಲ. ಪುಸ್ತಕದಿಂದಲೋ ಮೊಬೈಲಿನಿಂದಲೋ ಎತ್ತಿ ಬರೆಯುವುದಲ್ಲದೆ ಬೇರೆ ದಾರಿಯೇ ಇಲ್ಲದ ವಿಷಯವನ್ನು ಕೊಟ್ಟವರು ನಾವು. ಅದೇ ಮಗು ದಿನಾ ಶಾಲೆಗೆ ಹೋಗುವ ದಾರಿಯ ಅರಳಿಕಟ್ಟೆಗೆ ಒರಗಿಸಿಟ್ಟ ವೀರಗಲ್ಲಿನ ಬಗ್ಗೆ ಎಲ್ಲೂ ಎತ್ತಿ ಬರೆಯಲಾಗದು. ಅದನ್ನು ಹೋಗಿಯೇ ನೋಡಬೇಕು.

ತಾಲ್ಲೂಕು ಮಟ್ಟದ ಪರಂಪರೆ ಸಂಘವೋ ಇತಿಹಾಸ ಬಳಗವೋ ಒಂದು ಶೈಕ್ಷಣಿಕ ವರ್ಷದಲ್ಲಿ ನಡೆಸಬಹುದಾದ ಸ್ಪರ್ಧೆ ಇದು. ನಿಯಮ ಇಷ್ಟೇ: 8 ಮತ್ತು 9ನೇ ತರಗತಿಯ 4 ಮಕ್ಕಳ ತಂಡ, ಶಾಲೆಯಿಂದ 3 ಕಿಲೋಮೀಟರ್ ಒಳಗಿನ ಒಂದೇ ಒಂದು ಹಳೆಯ ಕಲ್ಲು. ಅದು ವೀರಗಲ್ಲು, ಮಾಸ್ತಿಕಲ್ಲು (ಸತಿ ಹೋದವಳ ನೆನಪಿನ ಕಲ್ಲು), ದಾನಶಾಸನ, ನಿಸಿಧಿಗಲ್ಲು (ಸತ್ತ ಜೈನರ ನೆನಪಿನ ಕಲ್ಲು), ಗಡಿಗೆ ನೆಟ್ಟ ಲಿಂಗಮುದ್ರೆ ಅಥವಾ ವಾಮನಮುದ್ರೆ ಕಲ್ಲು, ಯಾವುದಾದರೂ ಆಗಬಹುದು. ಕಲ್ಲಿನ ಬಗ್ಗೆ ತಾವು ಕಂಡದ್ದು, ಊರವರಿಂದ ಕೇಳಿದ್ದು, ಪುಸ್ತಕದಲ್ಲಿ ಓದಿದ್ದು ಈ ಮೂರನ್ನೂ ಬೇರೆ ಬೇರೆ ಹಾಳೆಯಲ್ಲಿ, ಒಂದಕ್ಕೊಂದು ಬೆರೆಸದೆ, ಬರೆದು ಕೊಡಬೇಕು. ಇಡೀ ಸ್ಪರ್ಧೆಯ ಪ್ರಾಣ ಇರುವುದು ಈ ಮೂರು ಹಾಳೆಯಲ್ಲಿ. ಉಳಿದ ನಿಯಮಗಳನ್ನು ನಿಮ್ಮ ಅನುಕೂಲಕ್ಕೆ ಬದಲಿಸಿಕೊಳ್ಳಿ, ಇದೊಂದನ್ನು ಬಿಡಬೇಡಿ.

10ನೇ ತರಗತಿಯವರನ್ನು ಸೇರಿಸಬೇಡಿ. ಎಸ್‌ಎಸ್‌ಎಲ್‌ಸಿ ಮಕ್ಕಳಿಗೆ ಡಿಸೆಂಬರ್ ಹೊತ್ತಿಗೆ ವಿಶೇಷ ತರಗತಿ ಶುರುವಾಗಿರುತ್ತದೆ. ಪೋಷಕರೂ ಒಪ್ಪುವುದಿಲ್ಲ, ಮುಖ್ಯಶಿಕ್ಷಕರೂ ಒಪ್ಪುವುದಿಲ್ಲ.

ಯಾವ ತಿಂಗಳಲ್ಲಿ ಏನು

ಜೂನ್‌ನಲ್ಲಿ ಶಾಲೆಗಳು ದಾಖಲಾತಿ, ಪಠ್ಯಪುಸ್ತಕ, ಸಮವಸ್ತ್ರದ ಗಡಿಬಿಡಿಯಲ್ಲಿರುತ್ತವೆ. ಜುಲೈ ಮೊದಲ ವಾರ ಕ್ಷೇತ್ರ ಶಿಕ್ಷಣಾಧಿಕಾರಿಗೆ ಪತ್ರ ಕೊಡಿ. ಪತ್ರ ಒಂದೇ ಪುಟ ಇರಲಿ: ಯಾವ ತರಗತಿ, ಎಷ್ಟು ಮಕ್ಕಳು, ಯಾವ ದಿನಾಂಕ, ಖರ್ಚು ಯಾರದ್ದು, ಮಕ್ಕಳ ಜೊತೆ ಯಾರು ಹೋಗುತ್ತಾರೆ. ಅವರಿಂದ ಒಂದು ಜ್ಞಾಪನ ಹೊರಡಿಸಿಕೊಳ್ಳಲೇಬೇಕು. ಜ್ಞಾಪನ ಇದ್ದರೆ ಸಮಾಜ ವಿಜ್ಞಾನದ ಶಿಕ್ಷಕರಿಗೆ ಕಾರ್ಯಾಗಾರದ ದಿನ ಓಓಡಿ (ಬೇರೆ ಕರ್ತವ್ಯದ ಮೇಲಿದ್ದರೆಂಬ ಹಾಜರಾತಿ) ಸಿಗುತ್ತದೆ. ಇಲ್ಲದಿದ್ದರೆ ತಮ್ಮ ರಜೆ ಹಾಕಿ ಬರಬೇಕಾಗುತ್ತದೆ, ಆಮೇಲೆ ಬರುವುದೇ ಇಲ್ಲ. ಜ್ಞಾಪನದ ಪ್ರತಿಯನ್ನು ಸಿಆರ್‌ಪಿಗಳ (ಶಾಲಾ ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿಗಳ) ಮೂಲಕ ಶಾಲೆಗಳ ವಾಟ್ಸಾಪ್ ಗುಂಪಿಗೆ ಕಳಿಸಿ. ಹಾಗೆಂದು ವಾಟ್ಸಾಪನ್ನೇ ನಂಬಿ ಕೂರಬೇಡಿ. ಪ್ರತಿ ಶಾಲೆಗೂ ಒಮ್ಮೆ ಫೋನ್ ಮಾಡಿ ಆ ಶಿಕ್ಷಕರ ಹೆಸರನ್ನು ಬರೆದುಕೊಳ್ಳಿ. ಕೆಲಸ ನಡೆಯುವುದು ಆ ಒಬ್ಬ ಮೇಷ್ಟ್ರಿಂದ ಅಥವಾ ಮೇಡಂನಿಂದ.

ಆಗಸ್ಟ್‌ನಲ್ಲಿ ಸ್ವಾತಂತ್ರ್ಯ ದಿನ ಮುಗಿದ ಮೇಲೆ ಶಿಕ್ಷಕರ ಕಾರ್ಯಾಗಾರ. ಪ್ರತಿಭಾ ಕಾರಂಜಿಯ ದಿನಾಂಕ ಮೊದಲೇ ವಿಚಾರಿಸಿಕೊಳ್ಳಿ, ಎರಡೂ ಒಂದೇ ವಾರ ಬಂದರೆ ನಿಮ್ಮದಕ್ಕೆ ಯಾರೂ ಬರುವುದಿಲ್ಲ. ದಸರೆ ರಜೆಯಲ್ಲಿ ಮಕ್ಕಳು ಊರಲ್ಲೇ ಇರುತ್ತಾರೆ, ಕಲ್ಲು ಹುಡುಕಿ ಗೊತ್ತುಮಾಡಿಕೊಳ್ಳಲು ಅದು ಒಳ್ಳೆಯ ಸಮಯ. ಆದರೆ ಅಳತೆ, ಚಿತ್ರ, ಬರವಣಿಗೆ ನವೆಂಬರ್‌ಗೆ ಇರಲಿ. ಅಕ್ಟೋಬರ್‌ನಲ್ಲಿ ಹುಲ್ಲು ಎದೆಮಟ್ಟ ಬೆಳೆದಿರುತ್ತದೆ, ಕಲ್ಲಿನ ಮೇಲೆ ಹಸಿರು ಪಾಚಿ ಇರುತ್ತದೆ, ಹಾವಿನ ಭಯವೂ ಹೆಚ್ಚು. ನವೆಂಬರ್ 19ರಿಂದ 25 ವಿಶ್ವ ಪರಂಪರೆ ಸಪ್ತಾಹ. ಆ ವಾರ ಶಾಲೆಗಳನ್ನು ಹುರಿದುಂಬಿಸುವುದು ಸುಲಭ. ಡಿಸೆಂಬರ್ ಮೊದಲ ಶನಿವಾರ ಹಾಳೆಗಳನ್ನು ಒಪ್ಪಿಸಲು ಕೊನೆಯ ದಿನ, ಮೂರನೆಯ ಶನಿವಾರ ತೀರ್ಪುಗಾರರೊಡನೆ ತಂಡಗಳ ಮಾತುಕತೆ ಮತ್ತು ಬಹುಮಾನ. ಶನಿವಾರ ಬೆಳಗಿನ ಶಾಲೆಯಾದ್ದರಿಂದ ಮಧ್ಯಾಹ್ನ ಬಿಡುವಿರುತ್ತದೆ. ಶೈಕ್ಷಣಿಕ ಪ್ರವಾಸದ ದಿನಗಳೂ ಡಿಸೆಂಬರ್‌ನಲ್ಲೇ ಬರುವುದರಿಂದ ದಿನಾಂಕವನ್ನು ಆಗಸ್ಟ್‌ನಲ್ಲೇ ಹೇಳಿಬಿಡಬೇಕು.

ತಾಲ್ಲೂಕಿನ ಪಟ್ಟಿ ಮೊದಲು

ಶಾಲೆಗಳನ್ನು ಕರೆಯುವ ಮುನ್ನ ಸಂಘದವರು ಕೂತು ಮಾಡಬೇಕಾದ ಕೆಲಸ ಒಂದಿದೆ. ಯಾವ ಊರಲ್ಲಿ ಯಾವ ಶಾಸನ ಈಗಾಗಲೇ ದಾಖಲಾಗಿದೆ ಎಂಬ ಪಟ್ಟಿ ತಯಾರಿಸಬೇಕು. ಹಳೆಯ ಮೈಸೂರು ಸೀಮೆಗೆ ಶಾಸನಗಳನ್ನು ಸಂಗ್ರಹಿಸಿ ಅಚ್ಚುಹಾಕಿಸಿದ ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯ ಕರ್ನಾಟಿಕ’ ಸಂಪುಟಗಳಿವೆ. ಮೊದಲನೆಯದು, ಕೊಡಗಿನ ಶಾಸನಗಳದ್ದು, 1886ರಲ್ಲಿ ಬಂತು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಹೊರತಂದ ಪರಿಷ್ಕೃತ ಸಂಪುಟಗಳು ಸಿಕ್ಕಿದರೆ ಇನ್ನೂ ಒಳ್ಳೆಯದು. ಮುಂಬೈ ಕರ್ನಾಟಕದ (ಈಗಿನ ಕಿತ್ತೂರು ಕರ್ನಾಟಕ) ಭಾಗಕ್ಕೆ ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ ಮಾಲೆಯ 11, 15, 18, 20ನೇ ಸಂಪುಟಗಳನ್ನು ನೋಡಬೇಕು. ಬಳ್ಳಾರಿ, ಕೊಪ್ಪಳ, ರಾಯಚೂರಿನ ಕಡೆಯವರಿಗೆ ಹಂಪಿ ಕನ್ನಡ ವಿಶ್ವವಿದ್ಯಾಲಯದ ಶಾಸನ ಸಂಪುಟಗಳಿವೆ.

ಇಲ್ಲಿ ಎಲ್ಲರೂ ಎಡವುವುದು ಜಿಲ್ಲೆ ತಾಲ್ಲೂಕುಗಳ ಹೆಸರಿನಲ್ಲಿ. ರೈಸ್ ಅವರ ಸಂಪುಟಗಳು ಅವರ ಕಾಲದ ಜಿಲ್ಲೆಗಳ ಪ್ರಕಾರ ಇವೆ. ಮಂಡ್ಯ ಜಿಲ್ಲೆಯಾದದ್ದು 1939ರಲ್ಲಿ. ಆದ್ದರಿಂದ ಮದ್ದೂರು, ಮಳವಳ್ಳಿಯ ಶಾಸನ ಹುಡುಕುವವರು ಮೈಸೂರು ಜಿಲ್ಲೆಯ 3ನೇ ಸಂಪುಟ ತೆರೆಯಬೇಕು. ಚಿಕ್ಕಬಳ್ಳಾಪುರದವರು ಕೋಲಾರದ 10ನೇ ಸಂಪುಟ, ದಾವಣಗೆರೆಯವರು ಚಿತ್ರದುರ್ಗದ 11ನೇ ಸಂಪುಟ, ಮಾಗಡಿ ಚನ್ನಪಟ್ಟಣದವರು ಬೆಂಗಳೂರಿನ 9ನೇ ಸಂಪುಟ ನೋಡಬೇಕು. ಕನಕಪುರದ ಶಾಸನಗಳು ಅದೇ 9ನೇ ಸಂಪುಟದಲ್ಲಿ ಹಳೆಯ ಹೆಸರು ಕಾನಕಾನಹಳ್ಳಿಯ ಕೆಳಗಿವೆ. ಇದು ಗೊತ್ತಿಲ್ಲದೆ ‘ನಮ್ಮ ತಾಲ್ಲೂಕಿನ ಶಾಸನ ಪುಸ್ತಕದಲ್ಲೇ ಇಲ್ಲ’ ಎಂದುಕೊಂಡು, ನೂರು ವರ್ಷದ ಹಿಂದೆಯೇ ಅಚ್ಚಾದ ಶಾಸನವನ್ನು ‘ಅಪ್ರಕಟಿತ ಶಾಸನ ಪತ್ತೆ’ ಎಂದು ಪತ್ರಿಕೆಗೆ ಕೊಟ್ಟುಬಿಡುವ ಅಪಾಯವಿದೆ.

ಪಟ್ಟಿಯಲ್ಲಿ ಊರು, ಸಂಪುಟ, ಶಾಸನದ ಸಂಖ್ಯೆ, ಆಗ ಕಲ್ಲು ಇದ್ದ ಜಾಗ, ಕಾಲ ಇಷ್ಟು ಸಾಕು. ‘ಈಶ್ವರ ಗುಡಿಯ ಮುಂದೆ ನಿಂತ ಕಲ್ಲು’, ‘ಕೆರೆ ತೂಬಿನ ಬಳಿ’ ಎಂದು ಹಳೆಯ ಸಂಪುಟದಲ್ಲೇ ಜಾಗ ಬರೆದಿರುತ್ತದೆ. ಆ ಕಲ್ಲು ಈಗಲೂ ಅಲ್ಲೇ ಇದೆಯೇ ಎಂದು ಮಕ್ಕಳು ನೋಡಿ ಬಂದರೆ ಅದೇ ಒಂದು ದೊಡ್ಡ ದಾಖಲೆ. ತೂಬಿನ ಬಳಿಯ ಕಲ್ಲು ಏರಿ ಅಗಲಮಾಡುವಾಗ ಮಣ್ಣಿನಡಿ ಸೇರಿರಬಹುದು, ಗುಡಿ ಜೀರ್ಣೋದ್ಧಾರದಲ್ಲಿ ಮೆಟ್ಟಿಲಾಗಿರಬಹುದು, ಬಟ್ಟೆ ಒಗೆಯುವ ಕಲ್ಲಾಗಿರಬಹುದು. ‘ಹುಡುಕಿದೆವು, ಇಲ್ಲ, ಹತ್ತು ವರ್ಷದ ಹಿಂದೆ ಇತ್ತು ಎಂದು ಇಬ್ಬರು ಹೇಳಿದರು’ ಎಂದು ಬರೆದ ತಂಡಕ್ಕೂ ಪೂರ್ತಿ ಅಂಕ ಸಿಗುವ ಹಾಗೆ ನಿಯಮ ಮಾಡಿ. ಹಾಗೆ ಮಾಡದಿದ್ದರೆ ಮಕ್ಕಳು ಇಲ್ಲದ ಕಲ್ಲನ್ನು ಇದೆ ಎನ್ನುತ್ತಾರೆ.

ಶಿಕ್ಷಕರ ಅರ್ಧ ದಿನ

ಸಭಾಂಗಣದಲ್ಲಿ ಕೂರಿಸಿ ಸ್ಲೈಡ್ ತೋರಿಸಬೇಡಿ. ಕಲ್ಲಿರುವ ಜಾಗದಲ್ಲೇ, ಒಂದು ವೀರಗಲ್ಲು ಮತ್ತು ಒಂದು ಬರಹದ ಕಲ್ಲು ಎರಡೂ ಇರುವ ಗುಡಿಯ ಆವರಣದಲ್ಲಿ, ಬೆಳಿಗ್ಗೆ 10ರಿಂದ 1ರವರೆಗೆ ಕಾರ್ಯಾಗಾರ ಮಾಡಿ. 25 ಶಿಕ್ಷಕರಿಗಿಂತ ಹೆಚ್ಚಾದರೆ ಎರಡು ದಿನ ಮಾಡಿ. ಒಂದು ಕಲ್ಲಿನ ಸುತ್ತ ಅದಕ್ಕಿಂತ ಹೆಚ್ಚು ಜನ ನಿಲ್ಲಲಾಗದು.

ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು ಎಂಬುದನ್ನು ಮೊದಲು ಹೇಳಿ. ಸಾಮಾನ್ಯವಾಗಿ ಮೂರು ಪಟ್ಟಿಕೆ: ಕೆಳಗೆ ಕಾಳಗ, ನಡುವೆ ಸತ್ತ ವೀರನನ್ನು ಅಪ್ಸರೆಯರು ಕರೆದೊಯ್ಯುವುದು, ಮೇಲೆ ಆತ ಲಿಂಗದ ಮುಂದೋ ಜಿನನ ಮುಂದೋ ಕೂತಿರುವುದು, ತುದಿಯಲ್ಲಿ ಸೂರ್ಯಚಂದ್ರ. ಕಾಳಗದ ಪಟ್ಟಿಕೆಯಲ್ಲಿ ದನಗಳಿದ್ದರೆ ಅದು ತುರುಗೋಳ್ (ದನಗಳ ಲೂಟಿ), ಅಂದರೆ ಆತ ದನ ಹೊಡೆದುಕೊಂಡು ಹೋಗುವವರನ್ನು ತಡೆದು ಸತ್ತವನು. ಹುಲಿಯೋ ಹಂದಿಯೋ ಇದ್ದರೆ ಬೇಟೆಯಲ್ಲಿ ಸತ್ತವನು. ಮಾಸ್ತಿಕಲ್ಲಿನಲ್ಲಿ ಕಂಬದಿಂದ ಚಾಚಿದ ಬಳೆ ತೊಟ್ಟ ತೋಳು, ಕೈಯಲ್ಲಿ ಹಲವು ಕಡೆ ನಿಂಬೆಹಣ್ಣು. ದಾನದ ಕಲ್ಲಿನ ತಲೆಯಲ್ಲಿ ಸೂರ್ಯಚಂದ್ರರ ಜೊತೆ ಹಸು ಕರು ಇರುವುದುಂಟು.

ಬರಹ ಪೂರ್ತಿ ಓದಲು ಕಲಿಸುವುದು ಅರ್ಧ ದಿನದಲ್ಲಿ ಆಗುವ ಕೆಲಸವಲ್ಲ, ಪ್ರಯತ್ನವನ್ನೇ ಮಾಡಬೇಡಿ. ಆದರೆ ಆರಂಭ ಗುರುತಿಸುವುದನ್ನು ಕಲಿಸಬಹುದು. ‘ನಮಸ್ತುಂಗ ಶಿರಶ್ಚುಂಬಿ’ ಎಂದು ಶುರುವಾದರೆ ಶಿವಸ್ತುತಿ. ‘ಶ್ರೀಮತ್ಪರಮಗಂಭೀರ’ ಎಂದಿದ್ದರೆ ಜೈನ ಶಾಸನ. ‘ಸ್ವಸ್ತಿ ಶ್ರೀ ಜಯಾಭ್ಯುದಯ ಶಾಲಿವಾಹನ ಶಕ ವರುಷ’ ಎಂದು ಕಂಡರೆ ಹೆಚ್ಚಾಗಿ ವಿಜಯನಗರ ಕಾಲ ಅಥವಾ ಆಮೇಲಿನದು. ಕೊನೆಯಲ್ಲಿ ‘ಮಂಗಳ ಮಹಾ ಶ್ರೀ’. ಹೊಯ್ಸಳರ ಕಾಲದ ಒಳ್ಳೆಯ ಕಲ್ಲಿನಲ್ಲಿ ‘ಶ್ರೀ’ಯನ್ನು 8ನೇ ತರಗತಿಯ ಮಗು ತಾನೇ ಹುಡುಕಬಲ್ಲದು. ಆ ಒಂದು ಅಕ್ಷರ ಸಿಕ್ಕಿದ ಮೇಲೆ ಮಗು ಕಲ್ಲನ್ನು ಬಿಟ್ಟು ಬರುವುದಿಲ್ಲ.

ಶಕವರ್ಷವನ್ನು ಕ್ರಿಸ್ತಶಕಕ್ಕೆ ತರಲು 78 ಕೂಡಿಸಬೇಕು ಎಂದು ಎಲ್ಲರಿಗೂ ಗೊತ್ತು. ಕೆಲವು ಶಾಸನಗಳಲ್ಲಿ 77 ಕೂಡಿಸಿದರೆ ಸರಿಹೋಗುತ್ತದೆ. ಕಳೆದ ವರ್ಷವನ್ನು ಎಣಿಸಿದ್ದಾರೋ ನಡೆಯುತ್ತಿರುವ ವರ್ಷವನ್ನೋ ಎಂಬುದರ ಮೇಲೆ ಅದು ನಿಂತಿದೆ. ತಾಳೆ ನೋಡಲು ಸಂವತ್ಸರದ ಹೆಸರು ನೆರವಿಗೆ ಬರುತ್ತದೆ. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ ಇದಕ್ಕೆ ಒಳ್ಳೆಯ ಉದಾಹರಣೆ: ಶಕ 872, ಸೌಮ್ಯ ಸಂವತ್ಸರ, ಅಂದರೆ ಕ್ರಿ.ಶ. 949-50. ಕಾಳಿ ಎಂಬ ನಾಯಿ ಕಾಡುಹಂದಿಯೊಡನೆ ಹೋರಾಡಿ, ಹಂದಿಯನ್ನೂ ಕೊಂದು ತಾನೂ ಸತ್ತದ್ದಕ್ಕೆ ಮಣಲೆರ ಎಂಬ ವೀರ ನಿಲ್ಲಿಸಿದ ಕಲ್ಲು ಅದು. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಲ್ಲಿನ ಮೇಲೆ ನಾಯಿಯೂ ಹಂದಿಯೂ ಎದುರೆದುರು ನಿಂತಿವೆ. ತರಗತಿಯಲ್ಲಿ ಹೇಳಲು ಇದಕ್ಕಿಂತ ಒಳ್ಳೆಯ ಮೊದಲ ಪಾಠ ಸಿಗುವುದು ಕಷ್ಟ.

ತಂಡದ ಚೀಲದಲ್ಲಿ ಏನಿರಬೇಕು

3 ಮೀಟರ್ ಟೇಪು ಒಂದು, 30 ಸೆಂಟಿಮೀಟರ್ ಮರದ ಸ್ಕೇಲು ಒಂದು, ಟಾರ್ಚು ಒಂದು, ಸುಮಾರು ಒಂದೂವರೆ ಅಡಿಯ ಕನ್ನಡಿ ಒಂದು (ಮನೆಯ ಗೋಡೆಗೆ ಹಾಕುವುದು, ಚೌಕಟ್ಟಿರುವುದೇ ಬೇಕು, ಅಂಚು ಕೈ ಕೊಯ್ಯಬಾರದು), ಹಳೆಯ ಬೆಡ್‌ಶೀಟು ಒಂದು, ಬಿಳಿ ಹಾಳೆ, ಗ್ರಾಫ್ ಹಾಳೆ, ಪೆನ್ಸಿಲು, ನೀರಿನ ಬಾಟಲಿ. ದಿಕ್ಕು ನೋಡಲು ಮೊಬೈಲ್ ಸಾಕು. ಬ್ರಷ್, ಚಾಕು, ಸೀಮೆಸುಣ್ಣ ಚೀಲದಲ್ಲಿ ಇರಕೂಡದು. ಇದನ್ನು ಪಟ್ಟಿಯಲ್ಲೇ ಬರೆದು ಕೊಡಿ.

ಬೆಳಕು

ಸವೆದ ಬರಹ ಕಾಣುವುದು ಬೆಳಕು ಓರೆಯಾಗಿ ಬಿದ್ದಾಗ. ನೇರ ಬಿಸಿಲಿನಲ್ಲಿ ಅಕ್ಷರದ ತಗ್ಗಿಗೂ ಬೆಳಕು ತುಂಬಿ ಕಲ್ಲು ಬೋಳಾಗಿ ಕಾಣುತ್ತದೆ. ಬೆಳಕು ಕಲ್ಲಿನ ಮೈ ಸವರಿಕೊಂಡು ಹೋದರೆ ಪ್ರತಿ ಗೀರಿನ ಒಂದು ಅಂಚಿನಲ್ಲಿ ನೆರಳು ನಿಲ್ಲುತ್ತದೆ, ಆಗ ಅಕ್ಷರ ಮೇಲೇಳುತ್ತದೆ. ‘ಬೆಳಗ್ಗೆ ಹೋಗಿ’ ಎಂದಷ್ಟೇ ಹೇಳಿ ಕಳಿಸಿದರೆ ಅರ್ಧ ತಂಡಗಳು ‘ಏನೂ ಕಾಣಲಿಲ್ಲ’ ಎಂದು ಬರುತ್ತವೆ. ಸಮಯ ನಿರ್ಧಾರವಾಗಬೇಕಾದ್ದು ಕಲ್ಲು ಯಾವ ಕಡೆ ಮುಖಮಾಡಿದೆ ಎಂಬುದರ ಮೇಲೆ.

ನವೆಂಬರ್, ಡಿಸೆಂಬರ್‌ನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಹಾಗಾಗಿ ದಕ್ಷಿಣಕ್ಕೆ ಮುಖವಿರುವ ಕಲ್ಲಿಗೆ ಬೆಳಿಗ್ಗೆ 7ರ ಬಿಸಿಲು ಒಂದು ಬದಿಯಿಂದ, ಸಂಜೆ 5ರ ಬಿಸಿಲು ಇನ್ನೊಂದು ಬದಿಯಿಂದ ಸವರುತ್ತದೆ, ಎರಡೂ ಹೊತ್ತು ಒಳ್ಳೆಯದೇ. ಪೂರ್ವಕ್ಕೆ ಮುಖವಿದ್ದರೆ ಬೆಳಿಗ್ಗೆ 7ಕ್ಕೆ ಹೋಗುವುದು ವ್ಯರ್ಥ. 11ರಿಂದ ಮುಕ್ಕಾಲು ಗಂಟೆ ಬಿಸಿಲು ಮೇಲಿನಿಂದ ಇಳಿಜಾರಾಗಿ ಬೀಳುವಾಗ ನೋಡಬೇಕು. ಪಶ್ಚಿಮದ ಕಲ್ಲಿಗೆ ಮಧ್ಯಾಹ್ನ ಹನ್ನೆರಡೂಮುಕ್ಕಾಲರಿಂದ ಒಂದೂಕಾಲರವರೆಗೆ. ಉತ್ತರಕ್ಕೆ ಮುಖವಿದ್ದರೆ ಈ ತಿಂಗಳುಗಳಲ್ಲಿ ನೇರ ಬಿಸಿಲೇ ಬೀಳುವುದಿಲ್ಲ, ಕನ್ನಡಿಯೇ ಗತಿ. ಒಬ್ಬರು ಕಲ್ಲಿನ ಪಕ್ಕದಲ್ಲಿ ಬಿಸಿಲಿಗೆ ನಿಂತು ಕನ್ನಡಿಯಿಂದ ಬೆಳಕನ್ನು ಕಲ್ಲಿನ ಮೈಗುಂಟ ಹಾಯಿಸಬೇಕು. ಕನ್ನಡಿಯ ಬೆಳಕು ಯಾರ ಕಣ್ಣಿಗೂ, ರಸ್ತೆಯ ಕಡೆಗೂ ಬೀಳದಂತೆ ನೋಡಿಕೊಳ್ಳಿ.

ಗುಡಿಯೊಳಗೆ, ಮರದಡಿ ಇರುವ ಕಲ್ಲಿಗೆ ಟಾರ್ಚು. ಇಬ್ಬರು ಬೆಡ್‌ಶೀಟು ಹಿಡಿದು ನೆರಳು ಮಾಡಿ, ಒಬ್ಬರು ಕಲ್ಲಿನ ಪಕ್ಕದಲ್ಲಿ ಒಂದೆರಡು ಅಡಿ ದೂರದಿಂದ ಟಾರ್ಚನ್ನು ಹೆಚ್ಚುಕಡಿಮೆ ಕಲ್ಲಿಗೆ ತಾಗುವಷ್ಟು ಓರೆಯಾಗಿ ಹಿಡಿಯಬೇಕು. ಮೊಬೈಲಿನ ಫ್ಲ್ಯಾಷ್ ಹಾಕಬಾರದು, ಅದು ಎದುರಿನಿಂದ ಹೊಡೆಯುವ ಬೆಳಕು.

ಫೋಟೊ ನಾಲ್ಕು ಸಾಕು: ಸ್ಕೇಲು ಪಕ್ಕದಲ್ಲಿಟ್ಟು ಇಡೀ ಕಲ್ಲು, ಎಡದಿಂದ ಬೆಳಕು, ಬಲದಿಂದ ಬೆಳಕು, ಮೇಲಿನಿಂದ ಬೆಳಕು. ಸ್ಕೇಲನ್ನು ಕಲ್ಲಿಗೆ ಅಂಟಿಸಬೇಡಿ, ಒರಗಿಸಿ. ಕಳಿಸುವಾಗ ವಾಟ್ಸಾಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಕುಗ್ಗಿ ಅಕ್ಷರ ಕಲಸಿಹೋಗುತ್ತದೆ, ‘ಡಾಕ್ಯುಮೆಂಟ್’ ಆಗಿ ಕಳಿಸಲು ಹೇಳಿ. ರಕ್ಷಿತ ಸ್ಮಾರಕವಾದರೆ ಸ್ಟ್ಯಾಂಡ್ ಇಟ್ಟು ತೆಗೆಯಲು ಮೊದಲೇ ಅನುಮತಿ ಬೇಕು.

ಮುಟ್ಟಬಾರದ್ದು, ಮಾಡಬಾರದ್ದು

ಅಕ್ಷರ ಕಾಣಲೆಂದು ಸೀಮೆಸುಣ್ಣ, ವಿಭೂತಿ, ಹಿಟ್ಟು ಹಚ್ಚುವ ಚಾಳಿ ದೊಡ್ಡವರಲ್ಲೂ ಇದೆ. ಬೇಡವೇ ಬೇಡ. ಸೀಮೆಸುಣ್ಣದಿಂದ ಅಕ್ಷರದ ಮೇಲೆ ತಿದ್ದಿದವರು ತಮಗೆ ತೋಚಿದ ಅಕ್ಷರವನ್ನು ತಿದ್ದುತ್ತಾರೆ. ಆ ಫೋಟೊ ನೋಡುವವರಿಗೆ ಸಿಗುವುದು ಅವರ ಊಹೆ, ಕಲ್ಲಿನ ಬರಹವಲ್ಲ. ಹಿಟ್ಟು ಸಂದಿಗಳಲ್ಲಿ ಕೂತು ತೇವ ಹಿಡಿಯುತ್ತದೆ. ಪಾಚಿ ಕೆರೆಯಲು ತೆಂಗಿನ ಚಿಪ್ಪು, ತಂತಿ ಬ್ರಷ್ ತಂದರೆ ಸವೆದ ಅಕ್ಷರ ಪಾಚಿಯ ಜೊತೆಗೇ ಹೋಗುತ್ತದೆ. ಒಣ ಬಟ್ಟೆಯಿಂದ ಧೂಳು ಒರೆಸಬಹುದು. ಕಲ್ಲು ಪದರ ಪದರವಾಗಿ ಏಳುತ್ತಿದ್ದರೆ ಅದೂ ಬೇಡ. ಕಾಗದ ಒತ್ತಿ ಮಸಿಯಿಂದ ಪಡಿಯಚ್ಚು ತೆಗೆಯುವುದು ಪಳಗಿದವರ ಕೆಲಸ, ಮಕ್ಕಳ ಕೈಗೆ ಕೊಡುವಂಥದ್ದಲ್ಲ.

ಮಣ್ಣಲ್ಲಿ ಹೂತ ಕಲ್ಲನ್ನು ಅಗೆಯಬಾರದು, ಒಂದು ಗೇಣೂ ಅಗೆಯಬಾರದು. ನೆಲದ ಮೇಲೆ ಎಷ್ಟು ಕಾಣುತ್ತದೋ ಅಷ್ಟನ್ನು ಅಳೆದು ‘ಉಳಿದದ್ದು ಮಣ್ಣಿನಲ್ಲಿದೆ’ ಎಂದು ಬರೆಯಲಿ. ಅಗೆಯುವುದನ್ನು ಕಂಡರೆ ಊರಲ್ಲಿ ನಿಧಿಯ ಮಾತು ಹುಟ್ಟುತ್ತದೆ. ಶಾಸನದಲ್ಲಿ ನಿಧಿಯ ಗುಟ್ಟು ಬರೆದಿದೆ ಎಂಬ ನಂಬಿಕೆಯಿಂದ ಒಡೆದ ಕಲ್ಲುಗಳಿಗೆ ಲೆಕ್ಕವಿಲ್ಲ. ಬರೆದಿರುವುದು ಸಾಮಾನ್ಯವಾಗಿ ಯಾರಿಗೆ ಎಷ್ಟು ಗದ್ದೆ ಬಿಟ್ಟರು, ಯಾವ ತೆರಿಗೆ ಮನ್ನಾ ಮಾಡಿದರು, ಯಾರು ಯಾವ ಕಾಳಗದಲ್ಲಿ ಸತ್ತರು ಎಂಬುದು. ದಾನಕೊಟ್ಟ ನೆಲವನ್ನು ಕಸಿದವನು ಅರವತ್ತು ಸಾವಿರ ವರ್ಷ ಹೇಲಿನ ಹುಳುವಾಗಿ ಹುಟ್ಟುತ್ತಾನೆ ಎಂಬ ಶಾಪವೂ ಅದೇ ಕಲ್ಲಿನಲ್ಲಿ ಇರುತ್ತದೆ. ಇದನ್ನು ಮಕ್ಕಳು ಊರಲ್ಲಿ ಬಿಡಿಸಿ ಹೇಳಿದರೆ ಕಲ್ಲಿಗೆ ಅದೇ ಒಂದು ಕಾವಲು. ನಿಧಿ ಹುಡುಕುವವರ ಕಾರಣಕ್ಕೇ ಒಂಟಿಯಾಗಿ ಹೊಲದಲ್ಲಿ, ಕಾಡಂಚಿನಲ್ಲಿ ನಿಂತ ಕಲ್ಲಿನ ನಿಖರ ಜಾಗವನ್ನು ಫೇಸ್‌ಬುಕ್ಕಿಗೆ ಹಾಕಬಾರದು. ಊರಿನ ಹೆಸರು ಸಾಕು, ನಕ್ಷೆ ಸಂಘದ ಕಡತದಲ್ಲಿರಲಿ. ನೆಲದಲ್ಲಿ ನಾಣ್ಯವೋ ವಿಗ್ರಹವೋ ಕಂಡರೆ ಮುಟ್ಟದೆ ತಹಶೀಲ್ದಾರರ ಕಚೇರಿಗೆ ತಿಳಿಸಬೇಕು.

ಪೂಜೆಯಲ್ಲಿರುವ ಕಲ್ಲಿಗೆ ಎಣ್ಣೆ, ಕುಂಕುಮ, ಒಮ್ಮೊಮ್ಮೆ ಎನಾಮಲ್ ಬಣ್ಣವೇ ಬಳಿದಿರುತ್ತಾರೆ. ತೆಗೆಯಲು ಹೋಗಬಾರದು, ಕಾಣುವಷ್ಟನ್ನೇ ಬರೆಯಬೇಕು. ಚಪ್ಪಲಿ ಬಿಟ್ಟು, ಪೂಜೆ ಮಾಡುವವರನ್ನು ಕೇಳಿ ಹತ್ತಿರ ಹೋಗಲಿ. ಹೊಲದಲ್ಲಿದ್ದರೆ ಹೊಲದವರನ್ನು ಕೇಳಲಿ. ಹಾಳುಗುಡಿಯಲ್ಲಿ ಹೆಜ್ಜೇನು, ಪೊದೆಯಲ್ಲಿ ಹಾವು, ಪಕ್ಕದಲ್ಲಿ ಕಟ್ಟೆಯಿಲ್ಲದ ಬಾವಿ ಇರಬಹುದು. ಶಿಕ್ಷಕರು ಒಮ್ಮೆ ಮುಂಚಿತವಾಗಿ ಹೋಗಿ ನೋಡದ ಜಾಗಕ್ಕೆ ತಂಡ ಕಳಿಸಬೇಡಿ.

ಮೂರು ಹಾಳೆ

‘ಕಂಡದ್ದು’ ಹಾಳೆಯಲ್ಲಿ ಎತ್ತರ, ಅಗಲ, ದಪ್ಪ ಸೆಂಟಿಮೀಟರಿನಲ್ಲಿ, ಮುಖ ಯಾವ ದಿಕ್ಕಿಗೆ, ಎಷ್ಟು ಪಟ್ಟಿಕೆ, ಪ್ರತಿಯೊಂದರಲ್ಲಿ ಎಷ್ಟು ಜನ, ಯಾವ ಪ್ರಾಣಿ, ಕೈಯಲ್ಲಿ ಏನು, ಬರಹವಿದ್ದರೆ ಎಷ್ಟು ಸಾಲು, ಎಲ್ಲಿ ಒಡೆದಿದೆ, ಯಾವುದಕ್ಕೆ ಬಳಕೆಯಾಗುತ್ತಿದೆ. ‘ಸುಂದರವಾದ’, ‘ಭವ್ಯವಾದ’, ‘ಕಣ್ಮನ ಸೆಳೆಯುವ’ ಪದಗಳು ಈ ಹಾಳೆಯಲ್ಲಿ ಬಂದರೆ ಒಂದೊಂದಕ್ಕೂ ಅಂಕ ಕಡಿತ ಎಂದು ಮೊದಲೇ ಹೇಳಿ. ಆ ಒಂದು ನಿಯಮದಿಂದ ಮಕ್ಕಳ ಬರವಣಿಗೆ ಎಷ್ಟು ತಿಳಿಯಾಗುತ್ತದೆ ಎಂಬುದನ್ನು ನೋಡಿಯೇ ನಂಬಬೇಕು. ‘ಒಬ್ಬ ವೀರ ಯುದ್ಧ ಮಾಡುತ್ತಿದ್ದಾನೆ’ ಎಂಬುದರ ಬದಲು ‘ಎಡಗಡೆಯವನ ಬಲಗೈಯಲ್ಲಿ ಕತ್ತಿ, ಎಡಗೈಯಲ್ಲಿ ದುಂಡು ಗುರಾಣಿ, ಕೂದಲು ಹಿಂದಕ್ಕೆ ಗಂಟು, ಎದುರಿಗೆ ಮೂವರು, ಇಬ್ಬರ ಕೈಯಲ್ಲಿ ಬಿಲ್ಲು, ಕಾಲ ಬಳಿ ಎರಡು ದನ’ ಎಂದು ಬರುತ್ತದೆ.

‘ಕೇಳಿದ್ದು’ ಹಾಳೆಗೆ ಕನಿಷ್ಠ ಮೂವರನ್ನು ಮಾತಾಡಿಸಬೇಕು, ಅವರಲ್ಲಿ ಒಬ್ಬರಾದರೂ ಹೆಂಗಸರಿರಬೇಕು. ಕಲ್ಲಿಗೆ ಎಡೆ ಇಡುವವರು ಎಷ್ಟೋ ಊರಲ್ಲಿ ಅವರೇ. ‘ತಾತ, ಇದು ಯಾವ ರಾಜನ ಕಾಲದ್ದು?’ ಎಂದು ಕೇಳಬಾರದು. ಕೇಳಿದ ಮಕ್ಕಳಿಗೆ ಬೇಸರವಾಗಬಾರದೆಂದು ತಾತ ಕೃಷ್ಣದೇವರಾಯ ಎನ್ನುತ್ತಾರೆ, ಇಲ್ಲವೇ ಜಕಣಾಚಾರಿ ಕೆತ್ತಿದ್ದು ಎನ್ನುತ್ತಾರೆ. ‘ಅಜ್ಜಿ, ಇದನ್ನ ನೀವು ಏನಂತ ಕರೀತೀರಿ? ನೀವು ಈ ಊರಿಗೆ ಬಂದಾಗ ಇದು ಎಲ್ಲಿತ್ತು? ಹಬ್ಬದಲ್ಲಿ ಏನು ಇಡ್ತೀರಿ? ಯಾವ ಮನೆಯವರು ಮೊದಲು ಪೂಜೆ ಮಾಡ್ತಾರೆ?’ ಎಂದು ಕೇಳಬೇಕು. ಮಾಸ್ತಿಕಲ್ಲನ್ನು ಊರವರು ಮಾಸ್ತಮ್ಮ ಎನ್ನುತ್ತಾರೆ, ಬರಹದ ಕಲ್ಲನ್ನು ಲಿಪಿಕಲ್ಲು ಎನ್ನುತ್ತಾರೆ. ಆ ಹೆಸರೂ ದಾಖಲೆ. ಹೇಳಿದವರ ವಯಸ್ಸು ಬರೆಯಲಿ. ಹೆಸರನ್ನು ಅವರು ಒಪ್ಪಿದರೆ ಮಾತ್ರ.

ಕೇಳಿದ್ದು ಪುಸ್ತಕಕ್ಕೆ ಹೊಂದದಿದ್ದರೆ ಯಾವುದನ್ನೂ ಅಳಿಸಬಾರದು. ಜಕಣಾಚಾರಿಯ ಕಥೆ ಕೇಳಿದ್ದು ಹಾಳೆಯಲ್ಲೇ ಇರಲಿ. ಬೇಲೂರಿನ ಶಿಲ್ಪಗಳ ಕೆಳಗೆ ಹೆಸರು ಕೊರೆದುಕೊಂಡವರು ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರು ಎಂಬುದು ಓದಿದ್ದು ಹಾಳೆಯಲ್ಲಿ. ಎರಡನ್ನೂ ಎದುರೆದುರು ಇಟ್ಟು ನೋಡಿದಾಗ ‘ನಮಗೆ ಇದು ಹೇಗೆ ಗೊತ್ತು’ ಎಂಬ ಪ್ರಶ್ನೆ ಮಗುವಿಗೆ ತಾನಾಗಿ ಏಳುತ್ತದೆ.

‘ಓದಿದ್ದು’ ಹಾಳೆ ಅರ್ಧ ಪುಟ ಮೀರಬಾರದು. ನಿಮ್ಮ ತಾಲ್ಲೂಕು ಪಟ್ಟಿಯಿಂದ ಸಂಪುಟ, ಸಂಖ್ಯೆ, ಕಾಲ ಬರೆದರೆ ಸಾಕು. ಪಟ್ಟಿಯಲ್ಲಿ ಇಲ್ಲದಿದ್ದರೆ ‘ಪಟ್ಟಿಯಲ್ಲಿ ಸಿಗಲಿಲ್ಲ’ ಎಂದು ಬರೆಯಲಿ. ಇದರ ಜೊತೆಗೆ ಶಾಲೆಯಿಂದ ಕಲ್ಲಿಗೆ ಹೋಗುವ ದಾರಿಯ ಕೈನಕ್ಷೆ, ಗ್ರಾಫ್ ಹಾಳೆಯಲ್ಲಿ ಕಲ್ಲಿನ ಚಿತ್ರ, ಕಲ್ಲಿನ 10 ಸೆಂಟಿಮೀಟರಿಗೆ ಹಾಳೆಯ 1 ಸೆಂಟಿಮೀಟರ್. ಒಂದೂವರೆ ಮೀಟರಿನ ಕಲ್ಲು ಹೀಗೆ 15 ಸೆಂಟಿಮೀಟರಾಗಿ ಹಾಳೆಯಲ್ಲಿ ಕೂರುತ್ತದೆ.

ತೀರ್ಪು

100ಕ್ಕೆ ಹೀಗೆ ಹಂಚಿ: ಕಂಡದ್ದು 40, ಕೇಳಿದ್ದು 20, ಓದಿದ್ದು 10, ನಕ್ಷೆ ಮತ್ತು ಚಿತ್ರ 10, ಮಾತುಕತೆ 20. ಓದಿದ್ದಕ್ಕೆ ಅಂಕ ಕಡಿಮೆ ಇಟ್ಟದ್ದು ಬೇಕೆಂದೇ. ಅದಕ್ಕೆ ಹೆಚ್ಚು ಕೊಟ್ಟರೆ ಮೊಬೈಲ್ ಇರುವ ಮನೆಯ ಮಕ್ಕಳು, ಪಟ್ಟಣದ ಶಾಲೆಗಳು ಗೆಲ್ಲುತ್ತವೆ. ಕೆರೆಯ ಏರಿ ಮೇಲೆ ದಿನಾ ಓಡಾಡುವ ಹಳ್ಳಿಯ ಮಕ್ಕಳಿಗೆ ಇರುವ ಅನುಕೂಲ ಹೋಗಿಬಿಡುತ್ತದೆ. ಕೈಬರಹ, ಬಣ್ಣದ ಕವರು, ಮಿಂಚುವ ಕಾಗದ ಇವಕ್ಕೆ ಅಂಕವಿಲ್ಲ.

ಮಾತುಕತೆ ತಪ್ಪಿಸಬೇಡಿ. ತಂಡಕ್ಕೆ 8 ನಿಮಿಷ ಎಂದರೆ 50 ತಂಡಕ್ಕೆ 400 ನಿಮಿಷ. ಎರಡು ಮೇಜು ಹಾಕಿದರೆ ಮೂರೂವರೆ ಗಂಟೆಯೊಳಗೆ ಮುಗಿಯುತ್ತದೆ. ಒಂದು ಶಾಲೆಯಿಂದ ಎರಡು ತಂಡಕ್ಕಿಂತ ಹೆಚ್ಚು ತೆಗೆದುಕೊಳ್ಳಬಾರದು ಎನ್ನುವುದು ಇದಕ್ಕೇ. ಪ್ರತಿ ಮೇಜಿಗೆ ಇಬ್ಬರು ತೀರ್ಪುಗಾರರು, ಅದೇ ಹೋಬಳಿಯ ಶಿಕ್ಷಕರು ಬೇಡ. ಎರಡು ಮೇಜಿನ ಅಂಕ ಏರುಪೇರಾಗದಂತೆ ಮೊದಲ ಎರಡು ತಂಡಗಳನ್ನು ನಾಲ್ವರೂ ಸೇರಿ ಕೇಳಿ, ಅಂಕ ಹೋಲಿಸಿ, ಆಮೇಲೆ ಬೇರೆ ಬೇರೆ ಕೂರಲಿ.

ಹಾಳೆಯಲ್ಲಿ ಇಲ್ಲದ್ದನ್ನು ಕೇಳಿ. ‘ಕಲ್ಲಿನ ಹಿಂಬದಿ ಹೇಗಿದೆ?’ ‘ನೀವು ಹೋದಾಗ ಬಿಸಿಲು ಯಾವ ಕಡೆಯಿಂದ ಬೀಳುತ್ತಿತ್ತು?’ ‘ಟೇಪು ಯಾರು ಹಿಡಿದದ್ದು?’ ‘ಅಜ್ಜಿ ಹೇಳಿದ್ದರಲ್ಲಿ ನಿಮಗೆ ನಂಬಿಕೆ ಬರದ್ದು ಯಾವುದು?’ ಹೋಗಿ ನೋಡಿದ ತಂಡದ ನಾಲ್ವರೂ ಒಟ್ಟಿಗೆ ಉತ್ತರ ಹೇಳಲು ಮುಗಿಬೀಳುತ್ತಾರೆ. ಮೇಷ್ಟ್ರು ಬರೆದುಕೊಟ್ಟದ್ದಾದರೆ, ಯಂತ್ರದಿಂದ ಬರೆಸಿದ್ದಾದರೆ, ನಾಲ್ವರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಅಂಥ ತಂಡವನ್ನು ಎಲ್ಲರೆದುರು ಅವಮಾನ ಮಾಡಬೇಡಿ. ಮಾತುಕತೆಯ ಅಂಕ ಕೊಡದಿದ್ದರೆ ಮುಗಿಯಿತು.

ಅದೇ ದಿನ ರಸಪ್ರಶ್ನೆ ಇಡುವುದಾದರೆ ಪ್ರಶ್ನೆಗಳನ್ನು ಇಬ್ಬರು ಬೇರೆ ಬೇರೆ ಪರಿಶೀಲಿಸಲಿ. ‘ಕನ್ನಡದ ಮೊದಲ ಶಾಸನ ಯಾವುದು?’ ಎಂಬಂಥವು ಜಗಳ ತರುತ್ತವೆ: ಪಠ್ಯಪುಸ್ತಕ ಹಲ್ಮಿಡಿ ಎನ್ನುತ್ತದೆ, ತಾಳಗುಂದದ್ದು ಅದಕ್ಕಿಂತ ಹಳೆಯದು ಎನ್ನುವವರಿದ್ದಾರೆ. ‘ಹಲ್ಮಿಡಿ ಶಾಸನದಲ್ಲಿ ವರ್ಷ ಬರೆದಿಲ್ಲ. ಹಾಗಿದ್ದರೂ ಸುಮಾರು 450 ಎಂದು ಹೇಗೆ ಹೇಳುತ್ತಾರೆ?’ ಎಂದು ಕೇಳಿದರೆ ಲಿಪಿಯ ಬಗ್ಗೆ ಯೋಚಿಸುತ್ತಾರೆ.

ಬಹುಮಾನ, ಆಮೇಲಿನ ಕೆಲಸ

ಶೀಲ್ಡು, ಶಾಲು, ವೇದಿಕೆಗೆ ಹಣ ಸುರಿಯುವ ಬದಲು ಮಕ್ಕಳ ಬಸ್ ಚಾರ್ಜಿಗೆ, ಊಟಕ್ಕೆ, ಹಾಳೆ ಮುದ್ರಣಕ್ಕೆ ಮೊದಲು ಎತ್ತಿಡಿ. ದೂರದ ಶಾಲೆಗಳು ಬಾರದಿರಲು ಬಸ್ ಚಾರ್ಜೇ ದೊಡ್ಡ ಕಾರಣ. ಬಹುಮಾನ ಪುಸ್ತಕವಾಗಿರಲಿ, ನಾಲ್ವರಿಗೂ ಒಂದೊಂದು. ಪ್ರಮಾಣಪತ್ರ ಭಾಗವಹಿಸಿದ ಎಲ್ಲರಿಗೂ, ಅದರಲ್ಲಿ ಅವರು ನೋಡಿದ ಕಲ್ಲಿನ ಊರೂ ಬರೆದಿರಲಿ. ಭಾಷಣಗಳು ಒಟ್ಟು 20 ನಿಮಿಷ ಮೀರದಂತೆ ನೋಡಿಕೊಂಡು, ಗೆದ್ದ ಮೂರು ತಂಡಗಳಿಗೆ ತಲಾ 5 ನಿಮಿಷ ಮೈಕು ಕೊಡಿ.

ಜನವರಿಯಲ್ಲಿ ಎಲ್ಲ ಹಾಳೆಗಳನ್ನು ಸ್ಕ್ಯಾನ್ ಮಾಡಿ ಊರುವಾರು ಜೋಡಿಸಿ. ಒಂದು ಪ್ರತಿ ಆಯಾ ಗ್ರಾಮ ಪಂಚಾಯಿತಿಗೆ ಮುದ್ದಾಂ ಕೊಟ್ಟು ಸ್ವೀಕೃತಿ ಪಡೆಯಿರಿ. ರಸ್ತೆ, ಚರಂಡಿ ಕಾಮಗಾರಿಗೆ ಮುಂಚೆ ‘ಇಲ್ಲಿ ಕಲ್ಲಿದೆ’ ಎಂದು ತೋರಿಸಲು ಆ ಕಾಗದವೇ ಆಧಾರ. ಒಂದು ಪ್ರತಿ ಶಾಲೆಯ ಗ್ರಂಥಾಲಯಕ್ಕೆ, ಒಂದು ರಾಜ್ಯ ಪುರಾತತ್ವ ಇಲಾಖೆಗೆ. ಪಟ್ಟಿಯಲ್ಲಿಲ್ಲದ ಬರಹದ ಕಲ್ಲು ಸಿಕ್ಕಿದ್ದರೆ ಫೋಟೊಗಳನ್ನು ಶಾಸನ ಓದಬಲ್ಲವರಿಗೆ ಕಳಿಸಿ, ಸಂಪುಟಗಳಲ್ಲಿ ಅಕ್ಕಪಕ್ಕದ ಊರಿನ ಹೆಸರಲ್ಲೂ ಹುಡುಕಿಸಿ. ಖಚಿತವಾದ ಮೇಲೆ ಪತ್ರಿಕೆಗೆ ಕೊಡುವಾಗ ಮೊದಲು ಕಂಡ ಮಕ್ಕಳ ಶಾಲೆಯ ಹೆಸರು ಮೊದಲ ಸಾಲಿನಲ್ಲೇ ಬರಲಿ.

ಮುಂದಿನ ವರ್ಷ ಹೊಸ ಶಾಲೆಗಳನ್ನು ಸೇರಿಸುವಾಗ, ಹಳೆಯ ಶಾಲೆಗಳ ಹೊಸ 8ನೇ ತರಗತಿಗೆ ಹಿಂದಿನವರ ಹಾಳೆಯ ಪ್ರತಿ ಕೊಟ್ಟು ಅದೇ ಕಲ್ಲಿನ ಹತ್ತಿರ ಕಳಿಸಿ. ಕಳೆದ ವರ್ಷ 142 ಸೆಂಟಿಮೀಟರ್ ಎಂದಿದ್ದ ಎತ್ತರ ಈ ವರ್ಷ 128 ಎಂದು ಬಂದರೆ, ಅಳತೆ ತಪ್ಪಿದೆಯೋ ಮಣ್ಣು ಏರಿದೆಯೋ ಎಂದು ಅವರೇ ಪತ್ತೆಮಾಡಲಿ.